ಪೈಲಟ್ ಆಗಬೇಕೆನ್ನುವವರು ಊರಲ್ಲೇ ಕಲಿಯಬಹುದಾದದ್ದು

(ಕಾಸರಗೋಡು ಜಿಲ್ಲೆಯ ಮುಳ್ಳೇರಿಯದಲ್ಲಿ ಪ್ಲಸ್ ಟು ವಿದ್ಯಾರ್ಥಿಗಳು ಮತ್ತು ಹೆತ್ತವರ ಮುಂದೆ ಆಡಿದ ಮಾತಿನ ಬರಹ ರೂಪ. ಕೊನೆಗೆ ಬಂದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

"ಪೈಲಟ್ ಆಗುವುದು ಹೇಗೆ ಅಂತ ಮಕ್ಕಳಿಗೆ ಸ್ವಲ್ಪ ಹೇಳಿ" ಎಂದು ಮಾಷ್ಟ್ರು ಕರೆಸಿದ್ದಾರೆ. ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ನಾನು ಇನ್ನೂ ಪೈಲಟ್ ಆಗಿಲ್ಲ. ಹಾರಾಟದ ಪಾಠವೂ ಶುರುವಾಗಿಲ್ಲ. ಮೆಡಿಕಲ್ ಮುಗಿದಿದೆ, ಪರೀಕ್ಷೆಗೆ ಓದುತ್ತಿದ್ದೇನೆ, ಮಳೆಗಾಲ ಕಳೆದ ಮೇಲೆ ಫ್ಲೈಯಿಂಗ್ ಸ್ಕೂಲಿಗೆ ಸೇರುತ್ತೇನೆ. ಹಾಗಾಗಿ ನಾನು ಮಾತಾಡುವುದು ಈ ನಡುವಿನ ಕಾಲದ ಬಗ್ಗೆ. ಆಸೆ ಹುಟ್ಟಿದ ಮೇಲೆ, ಮೊದಲ ಪಾಠಕ್ಕಿಂತ ಮೊದಲು ಇರುವ ಕಾಲ. ಬಹಳ ಮಂದಿ ಇದನ್ನು ದುಡ್ಡು ಹೊಂದಿಸುತ್ತಾ ಸುಮ್ನೆ ಕಾಯುವ ಕಾಲ ಅಂದುಕೊಳ್ಳುತ್ತಾರೆ. ನಾನು ನೋಡಿದ ಮಟ್ಟಿಗೆ ಪೈಲಟ್‌ನ ತಲೆ ತಯಾರಾಗುವುದು ಈ ಕಾಲದಲ್ಲೇ. ಅದರಲ್ಲಿ ಹೆಚ್ಚಿನದು ದುಡ್ಡಿಲ್ಲದೆ, ಊರು ಬಿಡದೆ ಆಗುವ ಕೆಲಸ.

ನಮ್ಮ ಜಿಲ್ಲೆಯಲ್ಲಿ ವಿಮಾನ ನಿಲ್ದಾಣ ಇಲ್ಲ. ಆದರೆ ವಿಮಾನ ನಮಗೇನೂ ಹೊಸತಲ್ಲ. ಉತ್ತರಕ್ಕೆ ಮಂಗಳೂರಿನ ಬಜಪೆ ಇದೆ. ಅಲ್ಲಿ 1951ರಿಂದ ವಿಮಾನ ಇಳಿಯುತ್ತಿದೆ. ದಕ್ಷಿಣಕ್ಕೆ ಕಣ್ಣೂರಿನ ಮಟ್ಟನ್ನೂರು, ಅದು 2018ರ ಡಿಸೆಂಬರಿನಲ್ಲಿ ತೆರೆದದ್ದು. ಗಲ್ಫಿಗೆ ಹೋಗುವವರನ್ನು ಬಿಡಲು, ಬರುವವರನ್ನು ಕರೆತರಲು ಏರ್‌ಪೋರ್ಟಿಗೆ ಹೋಗದ ಮನೆ ಈ ಕಡೆ ಕಡಿಮೆ. ಆದರೂ ಕಾಕ್‌ಪಿಟ್ಟಿನಲ್ಲಿ ಕೂರುವವರು ಬೇರೆ ಯಾರೋ, ದೊಡ್ಡ ಊರಿನವರು, ಇಂಗ್ಲಿಷಿನಲ್ಲೇ ಹುಟ್ಟಿ ಬೆಳೆದವರು ಎಂಬ ಭಾವನೆ ನಮ್ಮಲ್ಲಿ ಗಟ್ಟಿಯಾಗಿ ಕೂತಿದೆ. ಅದನ್ನು ಸ್ವಲ್ಪ ಅಲುಗಾಡಿಸಬೇಕು ಅಂತ ನನಗೆ ಆಸೆ.

ನಿಯಮಗಳನ್ನು ಬೇಗ ಮುಗಿಸುತ್ತೇನೆ. ನಮ್ಮ ದೇಶದಲ್ಲಿ ಪರವಾನಗಿ ಕೊಡುವುದು ಡಿಜಿಸಿಎ, ಅಂದರೆ ಕೇಂದ್ರದ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ. 16 ವರ್ಷಕ್ಕೆ ಸ್ಟೂಡೆಂಟ್ ಪೈಲಟ್ ಲೈಸೆನ್ಸ್ ಸಿಗುತ್ತದೆ, 17ಕ್ಕೆ ಪ್ರೈವೇಟ್, 18ಕ್ಕೆ ಕಮರ್ಷಿಯಲ್. ಕೆಲಸಕ್ಕೆ ಬೇಕಾದದ್ದು ಕಮರ್ಷಿಯಲ್. ಅದಕ್ಕೆ 200 ಗಂಟೆ ಹಾರಾಟ ಆಗಬೇಕು. ಅದರಲ್ಲಿ 100 ಗಂಟೆ ವಿಮಾನದ ಹೊಣೆ ನಿಮ್ಮದೇ ಆಗಿರಬೇಕು. ಜೊತೆಗೆ ಏರ್ ನ್ಯಾವಿಗೇಶನ್, ಹವಾಮಾನ, ವಾಯುಯಾನ ನಿಯಮಗಳು, ತಾಂತ್ರಿಕ ವಿಷಯಗಳು, ಹೀಗೆ ಪರೀಕ್ಷೆಗಳಿವೆ. ಪಾಸಾಗಲು ನೂರಕ್ಕೆ 70 ಬೇಕು. ರೇಡಿಯೊದಲ್ಲಿ ಮಾತಾಡಲು ಬೇರೆ ಪರವಾನಗಿ. ಇಷ್ಟು ಕಾಲ ಇದ್ದ ನಿಯಮದಂತೆ ಪ್ಲಸ್ ಟುವಿನಲ್ಲಿ ಫಿಸಿಕ್ಸ್, ಗಣಿತ ಎರಡೂ ಇರಬೇಕು. ಕಾಮರ್ಸ್ ಓದಿದವರು ಓಪನ್ ಸ್ಕೂಲಿನಲ್ಲಿ ಈ ಎರಡು ವಿಷಯ ಬರೆದು ಬಂದದ್ದು ಎಷ್ಟೋ ಇದೆ. ಅರ್ಜಿ, ಪರೀಕ್ಷೆ ಬರೆಯಲು ಬೇಕಾದ ನಂಬರು ಎಲ್ಲ ಆನ್‌ಲೈನ್. ಅಕ್ಷಯ ಕೇಂದ್ರಕ್ಕೆ ಹೋದರೂ ಪಕ್ಕದಲ್ಲೇ ಕೂತು ಒಂದೊಂದು ಸಾಲೂ ಓದಿ ತುಂಬಿಸಿ. ಹತ್ತನೇ ಕ್ಲಾಸಿನ ಸರ್ಟಿಫಿಕೇಟಿನಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು ಇದ್ದರೆ ಇವತ್ತೇ ಸರಿಮಾಡಿಸಿ.

ಈಗ ಮೆಡಿಕಲ್. ಎಲ್ಲಕ್ಕಿಂತ ಮೊದಲು ಇದು. ಒಂದು ರೂಪಾಯಿ ಫೀಸು ಕಟ್ಟುವ ಮೊದಲು ಇದು. ಡಿಜಿಸಿಎ ಒಪ್ಪಿದ ವೈದ್ಯರ ಹತ್ತಿರ ಕ್ಲಾಸ್ 2 ಮೆಡಿಕಲ್ ಮಾಡಿಸಬೇಕು. ಕಣ್ಣು, ಕಿವಿ, ಇಸಿಜಿ, ರಕ್ತ, ಮೂತ್ರ ಎಲ್ಲ ನೋಡುತ್ತಾರೆ. ಅದಾದ ಮೇಲೆ ಕ್ಲಾಸ್ 1. ಅದನ್ನು ಬೆಂಗಳೂರಿನಲ್ಲಿರುವ ವಾಯುಪಡೆಯ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆಯಂಥ ಕಡೆ ಮಾಡುತ್ತಾರೆ. ಕನ್ನಡಕ ಇದ್ದರೆ ಆಗುವುದಿಲ್ಲ ಅನ್ನುವ ಮಾತು ಊರಲ್ಲಿ ಜೋರಾಗಿದೆ. ಕನ್ನಡಕ ಹಾಕಿ ದೃಷ್ಟಿ ಸರಿಹೋಗುವುದಾದರೆ ಸಾಮಾನ್ಯವಾಗಿ ತೊಂದರೆ ಇಲ್ಲ. ನಿಜವಾಗಿ ಕಷ್ಟ ಆಗುವುದು ಬಣ್ಣದ ವಿಷಯದಲ್ಲಿ. ಚುಕ್ಕಿಗಳ ನಡುವೆ ಅಂಕಿ ಓದಿಸುವ ಒಂದು ಪುಸ್ತಕ ಇರುತ್ತದಲ್ವಾ, ಆ ಪರೀಕ್ಷೆ. ಕೆಂಪು, ಹಸಿರು ಬೇರೆ ಬೇರೆಯಾಗಿ ಕಾಣದವರು ನಮ್ಮಲ್ಲಿ ಇದ್ದಾರೆ, ಎಷ್ಟೋ ಜನರಿಗೆ ಅದು ಗೊತ್ತೇ ಇರುವುದಿಲ್ಲ. ಹುಡುಗರಲ್ಲಿ ಇದು ಜಾಸ್ತಿ. ಕಣ್ಣಿನ ಡಾಕ್ಟರ ಹತ್ತಿರ ಇದನ್ನು ಈಗಲೇ ನೋಡಿಸಬಹುದು. ಮನೆಯ ಜಾಗ ಅಡವಿಟ್ಟ ಮೇಲೆ ಗೊತ್ತಾಗುವುದಕ್ಕಿಂತ ಮೊದಲೇ ಗೊತ್ತಾಗುವುದು ಒಳ್ಳೆಯದು.

ಇನ್ನು ನನಗೆ ಬಹಳ ಇಷ್ಟವಾದ ಭಾಗಕ್ಕೆ ಬರುತ್ತೇನೆ. ಆಕಾಶ.

ಇಲ್ಲಿ ಕೂತವರಲ್ಲಿ ಅಡಿಕೆ ತೋಟದವರು ಜಾಸ್ತಿ. ಅಂಗಳದಲ್ಲಿ ಅಡಿಕೆ ಹರವಿದ ಮನೆಯಲ್ಲಿ ಅಜ್ಜಿಯ ಕಣ್ಣು ಸದಾ ಆಕಾಶದ ಮೇಲೆ. ಯಾವ ಮೋಡ ಬರೀ ನೆರಳು ಕೊಟ್ಟು ಹೋಗುತ್ತದೆ, ಯಾವುದು ಅರ್ಧ ಗಂಟೆಯಲ್ಲಿ ಸುರಿಯುತ್ತದೆ, ಅವರಿಗೆ ಗೊತ್ತು. ಪೈಲಟ್ ಕೂಡ ಅದೇ ಕಣ್ಣಿನಿಂದ ನೋಡಬೇಕು, ಅದರ ಜೊತೆಗೆ ಅಂಕಿ ಸೇರಿಸಬೇಕು, ಅಷ್ಟೇ.

ಆ ಅಂಕಿ ಎಲ್ಲಿ ಸಿಗುತ್ತದೆ? ಮೆಟಾರ್ ಎಂಬ ವರದಿಯಲ್ಲಿ. ದೊಡ್ಡ ವಿಮಾನ ನಿಲ್ದಾಣಗಳು ಅರ್ಧ ಗಂಟೆಗೊಮ್ಮೆ ತಮ್ಮ ಹವಾಮಾನವನ್ನು ಒಂದೇ ಸಾಲಿನಲ್ಲಿ ಬರೆದು ಹೊರಗೆ ಬಿಡುತ್ತವೆ. ಇಂಟರ್ನೆಟ್ಟಿನಲ್ಲಿ ಯಾರು ಬೇಕಾದರೂ ಓದಬಹುದು. ಮಂಗಳೂರಿನ ಗುರುತು ವಿ ಒ ಎಂ ಎಲ್. ಕಣ್ಣೂರಿನದು ವಿ ಒ ಕೆ ಎನ್. ನಾನು ಎದ್ದ ಕೂಡಲೇ ಮಂಗಳೂರಿನ ಸಾಲು ಓದುತ್ತೇನೆ, ಆಮೇಲೆ ಅಂಗಳಕ್ಕೆ ಇಳಿದು ಮೇಲೆ ನೋಡುತ್ತೇನೆ. ಇದಕ್ಕಿಂತ ಒಳ್ಳೆಯ ಪಾಠ ನನಗೆ ಇದುವರೆಗೆ ಸಿಕ್ಕಿಲ್ಲ.

ಒಂದು ಸಾಲನ್ನು ಬೋರ್ಡಿನಲ್ಲಿ ಬರೆಯುತ್ತೇನೆ. ಪಾಠಕ್ಕೆಂದು ನಾನೇ ಮಾಡಿಕೊಂಡದ್ದು, ಆದರೆ ಮಳೆಗಾಲದ ಸಾಲು ಇದೇ ರೀತಿ ಇರುತ್ತದೆ. ಮೊದಲು ನಿಲ್ದಾಣದ ಗುರುತು. ಆಮೇಲೆ ತಾರೀಕು ಮತ್ತು ಹೊತ್ತು, 150330, ಕೊನೆಗೊಂದು ಝಡ್. ಅಂದರೆ 15ನೇ ತಾರೀಕು, 3 ಗಂಟೆ 30 ನಿಮಿಷ. ಅದು ನಮ್ಮ ಹೊತ್ತಲ್ಲ, ಗ್ರೀನಿಚ್‌ನದು. ಐದೂವರೆ ಗಂಟೆ ಕೂಡಿಸಿದರೆ ನಮ್ಮ ಬೆಳಿಗ್ಗೆ 9 ಗಂಟೆ. ಮುಂದೆ 27008. ಗಾಳಿ 270 ಡಿಗ್ರಿಯಿಂದ, ಅಂದರೆ ನೇರ ಪಡುವಣ ಕಡಲಿನಿಂದ ಬರುತ್ತಿದೆ, ವೇಗ 8 ನಾಟ್, ಅಂದರೆ ಗಂಟೆಗೆ 8 ನಾಟಿಕಲ್ ಮೈಲಿ, ಸುಮಾರು 15 ಕಿಲೋಮೀಟರ್. ಮುಂದೆ 3000, ಕಣ್ಣು ಹರಿಯುವುದು 3000 ಮೀಟರ್. ಹಗುರ ಮಳೆಗೆ ಒಂದು ಗುರುತು. 1200 ಅಡಿಯಲ್ಲಿ ಅಲ್ಲಲ್ಲಿ ಮೋಡ. ಆಮೇಲೆ 27/24. ಉಷ್ಣಾಂಶ 27, ಇಬ್ಬನಿ ಬಿಂದು 24, ಅಂದರೆ ಗಾಳಿ ಅಷ್ಟಕ್ಕೆ ತಣ್ಣಗಾದರೆ ಅದರ ತೇವ ನೀರಾಗಲು ಶುರುವಾಗುತ್ತದೆ. ಕೊನೆಗೆ ಗಾಳಿಯ ಒತ್ತಡ, 1008.

ಈಗ ಇದರಿಂದ ಏನೇನು ಹೊರಡಿಸಬಹುದು ನೋಡಿ. ಉಷ್ಣಾಂಶ ಮತ್ತು ಇಬ್ಬನಿ ಬಿಂದುವಿನ ನಡುವಿನ ವ್ಯತ್ಯಾಸ 3 ಡಿಗ್ರಿ. ನೆಲದ ಗಾಳಿ ಮೇಲೇರುತ್ತಾ ತಣ್ಣಗಾಗುತ್ತದೆ, ಅದರಲ್ಲಿರುವ ತೇವ ಒಂದು ಎತ್ತರದಲ್ಲಿ ಮೋಡ ಆಗುತ್ತದೆ. ಒಂದು ಡಿಗ್ರಿ ವ್ಯತ್ಯಾಸಕ್ಕೆ ಸುಮಾರು 400 ಅಡಿ ಎಂದು ಲೆಕ್ಕ. ಮೂರು ಡಿಗ್ರಿಗೆ 1200 ಅಡಿ. ರಾಶಿ ರಾಶಿಯಾಗಿ ಏಳುವ ಮೋಡದ ಬುಡ ಎಲ್ಲಿ ಇರುತ್ತದೆ ಎಂದು ಅಂಗಳದಲ್ಲಿ ನಿಂತೇ ಹೇಳಬಹುದು. ಜನವರಿಯ ಮಧ್ಯಾಹ್ನ ಈ ವ್ಯತ್ಯಾಸ ಹಿಗ್ಗುತ್ತದೆ, ಮೋಡದ ಬುಡ ಮೇಲೆ ಹೋಗುತ್ತದೆ. ಆಟಿ ತಿಂಗಳಲ್ಲಿ, ಅಂದರೆ ಜುಲೈ-ಆಗಸ್ಟ್ ಹೊತ್ತಿಗೆ, ಎರಡು ಅಂಕಿಗಳೂ ಹತ್ತಿರ ಹತ್ತಿರ ಬಂದು ಕೂರುತ್ತವೆ. ಗುಡ್ಡದ ತಲೆ ಮೋಡದೊಳಗೆ ಮುಚ್ಚಿಹೋಗುವುದು ಆಗ.

ಗಾಳಿಯನ್ನು ನೋಡಿ. ಮಂಗಳೂರಿನ ರನ್‌ವೇಯ ಒಂದು ತುದಿಗೆ 24 ಎಂದು ಬರೆದಿರುತ್ತದೆ, ಇನ್ನೊಂದಕ್ಕೆ 06. 24 ಅಂದರೆ ಆ ಕಡೆ ಇಳಿಯುವಾಗ ವಿಮಾನದ ಮೂತಿ ಸುಮಾರು 240 ಡಿಗ್ರಿಗೆ ತಿರುಗಿರುತ್ತದೆ. ಗಾಳಿ ಬರುವುದು 270ರಿಂದ. ನಡುವೆ 30 ಡಿಗ್ರಿ. ಸೈನ್ 30 ಎಷ್ಟು? ಅರ್ಧ. ಎಂಟರ ಅರ್ಧ ನಾಲ್ಕು. ಅಂದರೆ ವಿಮಾನವನ್ನು ಪಕ್ಕಕ್ಕೆ ತಳ್ಳುವ ಗಾಳಿ 4 ನಾಟ್. ಕೊಸೈನ್ ತೆಗೆದರೆ ಎದುರು ಗಾಳಿ ಸುಮಾರು 7 ನಾಟ್. ತ್ರಿಕೋನಮಿತಿ ಯಾವ ಕೆಲಸಕ್ಕೆ ಬರುತ್ತದೆ ಎಂದು ನಾವೆಲ್ಲ ಗಣಿತದ ಟೀಚರನ್ನು ಕೇಳಿದವರೇ. ಇಗೋ, ಇಲ್ಲಿ ಪ್ರತಿ ಸಲ ಇಳಿಯುವಾಗಲೂ ಬರುತ್ತದೆ.

ನಮ್ಮ ಕರಾವಳಿಯಲ್ಲಿ ಬಿಸಿಲಿನ ಕಾಲಕ್ಕೆ ಹಗಲು ಕಡಲಿನಿಂದ ಗಾಳಿ ಒಳಗೆ ಬರುತ್ತದೆ, ರಾತ್ರಿ ನೆಲದಿಂದ ಕಡಲಿಗೆ ಹೋಗುತ್ತದೆ. ಮಂಜೇಶ್ವರದ ಮೀನುಗಾರರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ, ಮತ್ತೆ ಅಕ್ಟೋಬರಿನಲ್ಲಿ, ಮಧ್ಯಾಹ್ನದ ಮೇಲೆ ಘಟ್ಟದ ಕಡೆ ಹೂಕೋಸಿನಂತೆ ಮೋಡ ಏಳುತ್ತದೆ. ಸಂಜೆಗೆ ಗುಡುಗು. ಆ ಮೋಡದೊಳಗೆ ಗಾಳಿ ಮೇಲಕ್ಕೂ ಕೆಳಕ್ಕೂ ಒಟ್ಟಿಗೇ ನುಗ್ಗುತ್ತಿರುತ್ತದೆ. ಎಷ್ಟು ದೊಡ್ಡ ವಿಮಾನವಾದರೂ ಅದರಿಂದ ಮೈಲಿಗಟ್ಟಲೆ ದೂರ ಸುತ್ತಿ ಹೋಗುತ್ತದೆ. ಒಂದು ದಿನ ಪೊಸಡಿ ಗುಂಪೆ ಗುಡ್ಡಕ್ಕೆ ಹತ್ತಿ. ಒಂದು ಕಡೆ ಕಡಲು, ಇನ್ನೊಂದು ಕಡೆ ಘಟ್ಟ ಕಾಣುತ್ತದೆ. ಮೋಡ ಹುಟ್ಟಿ, ಬೆಳೆದು, ಸುರಿದು ಮುಗಿಯುವುದನ್ನು ಪೂರ್ತಿ ನೋಡಿ. ಗುಡುಗು ಕೇಳಿದ ಕೂಡಲೇ ಇಳಿದುಬಿಡಿ, ಬೋಳು ಗುಡ್ಡದಲ್ಲಿ ಸಿಡಿಲಿನ ಭಯ ಇದೆ.

ಎರಡನೆಯದು ನಕಾಶೆ. ನಾನು ಮಾಡಿದ ಒಂದು ಅಭ್ಯಾಸ ಹೇಳುತ್ತೇನೆ, ನೀವೂ ಮಾಡಿ. ಬಜಪೆಯಿಂದ ಮಟ್ಟನ್ನೂರಿಗೆ ನಕಾಶೆಯಲ್ಲಿ ಒಂದು ಗೆರೆ ಎಳೆಯಿರಿ. ದೂರ ಸುಮಾರು 74 ನಾಟಿಕಲ್ ಮೈಲಿ, ಅಂದರೆ 137 ಕಿಲೋಮೀಟರ್. ಗೆರೆ ಕಾಸರಗೋಡು ಪೇಟೆಯ ಮೇಲೆ ಹೋಗುವುದಿಲ್ಲ. ಒಳನಾಡಿನಲ್ಲಿ, ಹೆಚ್ಚು ಕಡಿಮೆ ನಾವೀಗ ಕೂತಿರುವ ಮುಳ್ಳೇರಿಯದ ಆಸುಪಾಸಿನಲ್ಲೇ ಹಾದುಹೋಗುತ್ತದೆ. 100 ನಾಟ್ ವೇಗದ ಚಿಕ್ಕ ವಿಮಾನಕ್ಕೆ ಮುಕ್ಕಾಲು ಗಂಟೆಯ ದಾರಿ. ಎದುರಿನಿಂದ 20 ನಾಟ್ ಗಾಳಿ ಬಂದರೆ 55 ನಿಮಿಷ ಆಗುತ್ತದೆ. ಆ ಹತ್ತು ನಿಮಿಷಕ್ಕೆ ಪೆಟ್ರೋಲ್ ಇದೆಯಾ? ಇದನ್ನು ನೆಲದ ಮೇಲೆ ಇರುವಾಗಲೇ ಕೇಳಿಕೊಳ್ಳಬೇಕು.

ಇನ್ನೊಂದು ಹಳೆಯ ಲೆಕ್ಕ ಇದೆ. ಒಂದು ಡಿಗ್ರಿ ದಾರಿ ತಪ್ಪಿದರೆ 60 ಮೈಲಿ ಹೋಗುವಷ್ಟರಲ್ಲಿ ಒಂದು ಮೈಲಿ ಪಕ್ಕಕ್ಕೆ ಹೋಗಿರುತ್ತೀರಿ. ಐದು ಡಿಗ್ರಿ ತಪ್ಪಿ ಮಟ್ಟನ್ನೂರಿನ ತನಕ ಹೋದರೆ ಆರು ಮೈಲಿ ಪಕ್ಕದಲ್ಲಿ ಇರುತ್ತೀರಿ. ದಾರಿ ತಪ್ಪಿದ್ದು ಗೊತ್ತಾಗುವುದು ಹೇಗೆ? ಕೆಳಗೆ ನೋಡಿ. ನಮ್ಮ ಜಿಲ್ಲೆ ಇದಕ್ಕೆ ಹೇಳಿ ಮಾಡಿಸಿದಂತಿದೆ. ನೇತ್ರಾವತಿ ದಾಟಿದ ಮೇಲೆ ಒಂದರ ಹಿಂದೆ ಒಂದು ಹೊಳೆ. ಶಿರಿಯ, ಚಂದ್ರಗಿರಿ, ಕಾರ್ಯಂಗೋಡು. ಎಲ್ಲವೂ ಘಟ್ಟದಿಂದ ಕಡಲಿಗೆ ಓಡುವಂಥವು. ನಿಮ್ಮ ದಾರಿ ಅವುಗಳಿಗೆ ಅಡ್ಡ. ಯಾವ ಹೊಳೆ ಎಷ್ಟು ಹೊತ್ತಿಗೆ ಬರಬೇಕು ಎಂದು ಮೊದಲೇ ಕಾಗದದಲ್ಲಿ ಬರೆದಿಟ್ಟರೆ, ಗಡಿಯಾರ ನೋಡಿ ಎಲ್ಲಿದ್ದೇವೆ ಅಂತ ಹೇಳಬಹುದು. ಮುರಕಲ್ಲಿನ ಬೋಳು ಪಾರೆಗಳು, ಬೇಕಲದ ಕೋಟೆ, ರೈಲು ಹಳಿ, ಎಲ್ಲ ಗುರುತುಗಳೇ.

ಇದು ಹಳೆ ಕಾಲದ ವಿದ್ಯೆ ಎಂದು ಬಿಡಬೇಡಿ. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಕರಾಚಿಯಿಂದ ಮುಂಬಯಿಗೆ ಟಪಾಲು ತಂದದ್ದು ರೇಡಿಯೊ ಇಲ್ಲದ ಪುಸ್ ಮಾತ್ ವಿಮಾನದಲ್ಲಿ. ಅಲ್ಲಿಂದ ಅದನ್ನು ಮದರಾಸಿಗೆ ಒಯ್ದವರು ನೆವಿಲ್ ವಿನ್ಸೆಂಟ್, ನಮ್ಮ ಬಳ್ಳಾರಿಯ ಮೇಲಿಂದ. ಆ ದಾರಿಯಲ್ಲಿ ಅವರಿಗೆ ಇದ್ದದ್ದು ದಿಕ್ಸೂಚಿ, ಗಡಿಯಾರ ಮತ್ತು ಕೆಳಗೆ ಕಾಣುವ ನೆಲ. ಇವತ್ತೂ ಫ್ಲೈಯಿಂಗ್ ಸ್ಕೂಲಿನಲ್ಲಿ ಶುರು ಮಾಡುವುದು ಅಲ್ಲಿಂದಲೇ. ಕಂಪ್ಯೂಟರಿನ ಫ್ಲೈಟ್ ಸಿಮ್ಯುಲೇಟರ್ ಬಗ್ಗೆ ಹುಡುಗರು ಕೇಳುತ್ತಾರೆ. ವೇಗ, ಎತ್ತರ ತೋರಿಸುವ ಯಾವ ಗಡಿಯಾರ ಎಲ್ಲಿದೆ, ಯಾವ ಕೆಲಸದ ನಂತರ ಯಾವುದು ಅನ್ನುವುದಕ್ಕೆ ಅದು ಒಳ್ಳೆಯದು. ಆದರೆ ಅದು ಕಣ್ಣನ್ನು ಗಡಿಯಾರಗಳ ಮೇಲೆ ಅಂಟಿಸಿಬಿಡುತ್ತದೆ. ಮೊದಲ ಪಾಠಗಳಲ್ಲಿ ಕಣ್ಣು ಹೊರಗೆ ಇರಬೇಕು. ಆಡುವುದಾದರೆ ಆಗಾಗ ಗಡಿಯಾರಗಳನ್ನು ಮುಚ್ಚಿ ಆಡಿ.

ಸಾಧ್ಯವಾದರೆ ಒಮ್ಮೆ ಚಿಕ್ಕ ವಿಮಾನದ ಹತ್ತಿರ ನಿಂತು ಬನ್ನಿ. ಕೆಲವು ಶಾಲೆಗಳಲ್ಲಿ ದುಡ್ಡು ಕೊಟ್ಟರೆ ಇನ್‌ಸ್ಟ್ರಕ್ಟರ್ ಜೊತೆ ಒಂದು ಸುತ್ತು ಹಾರಿಸುತ್ತಾರೆ. ನಾನು ಹೋದದ್ದು ಸೆಸ್ನಾ 172ರಲ್ಲಿ. 1955ರಲ್ಲಿ ಮೊದಲು ಹಾರಿದ ಮಾದರಿ, ಇದುವರೆಗೆ 44,000ಕ್ಕಿಂತ ಜಾಸ್ತಿ ತಯಾರಾಗಿವೆ. ಹಾರಿದ್ದಕ್ಕಿಂತ ನನ್ನ ಮನಸ್ಸಿನಲ್ಲಿ ಉಳಿದದ್ದು ಹಾರುವ ಮೊದಲು ನಡೆದ ಕೆಲಸ.

ಇನ್‌ಸ್ಟ್ರಕ್ಟರ್ ರೆಕ್ಕೆಯ ಕೆಳಗೆ ಬಗ್ಗಿ, ಒಂದು ಪಾರದರ್ಶಕ ಕಪ್ಪನ್ನು ಟ್ಯಾಂಕಿನ ಅಡಿಯ ಸಣ್ಣ ಕೊಳವೆಗೆ ಒತ್ತಿದರು. ಕಪ್ಪಿನೊಳಗೆ ತಿಳಿ ನೀಲಿ ದ್ರವ ಇಳಿಯಿತು. ವಿಮಾನದ ಪೆಟ್ರೋಲಿಗೆ ಬೇಕೆಂದೇ ನೀಲಿ ಬಣ್ಣ ಹಾಕಿರುತ್ತಾರೆ, ಬೇರೆ ಇಂಧನ ಬೆರೆತರೆ ಗೊತ್ತಾಗಲಿ ಎಂದು. ಅವರು ಕಪ್ಪನ್ನು ಬೆಳಕಿಗೆ ಹಿಡಿದು ತಳವನ್ನೇ ನೋಡಿದರು. ನೀರು ಪೆಟ್ರೋಲಿಗಿಂತ ಭಾರ, ಇದ್ದರೆ ತಳದಲ್ಲಿ ಗುಳ್ಳೆಯ ಹಾಗೆ ಕೂರುತ್ತದೆ. ಟ್ಯಾಂಕ್ ಅರ್ಧ ಖಾಲಿ ಇದ್ದು ರಾತ್ರಿ ತಣ್ಣಗಾದರೆ ಒಳಗಿನ ಗಾಳಿಯ ತೇವವೇ ನೀರಾಗುತ್ತದೆ. ಆ ನೀರು ಎಂಜಿನ್‌ಗೆ ಹೋದರೆ ಎಂಜಿನ್ ನಿಲ್ಲುತ್ತದೆ. ಆಮೇಲೆ ಮೇಲಕ್ಕೆ ಹತ್ತಿ ರೆಕ್ಕೆಯ ಮೇಲಿನ ಮುಚ್ಚಳ ತೆಗೆದು ಕೋಲು ಇಳಿಸಿ ಪೆಟ್ರೋಲ್ ಅಳೆದರು. ಒಳಗೆ ಮೀಟರ್ ಇದೆಯಲ್ಲಾ ಎಂದು ಕೇಳಿದೆ. "ಮೀಟರನ್ನೂ ನೋಡುತ್ತೇನೆ, ಕೋಲನ್ನೂ ನೋಡುತ್ತೇನೆ" ಅಂದರು. ಆಯಿಲ್, ಟಯರು, ಬ್ರೇಕು, ರೆಕ್ಕೆಯ ಹಿಂಜು, ಪ್ರೊಪೆಲ್ಲರಿನ ಅಂಚು. ಪ್ರತಿಯೊಂದನ್ನೂ ಕೈಯಿಂದ ಮುಟ್ಟಿ ನೋಡಿದರು. ಎಷ್ಟೋ ಸಾವಿರ ಗಂಟೆ ಹಾರಿದವರು. ಆದರೂ ಕೈಯಲ್ಲಿ ಪಟ್ಟಿ ಹಿಡಿದು ಒಂದೊಂದೇ ಸಾಲು ಓದುತ್ತಾ ಹೋದರು. ಬಾಯಿಪಾಠ ಇದ್ದರೂ ಓದಲೇಬೇಕು. ನೆನಪು ಕೈಕೊಡುವುದು ಬಾಯಿಪಾಠ ಇರುವ ವಿಷಯದಲ್ಲೇ ಅಲ್ವಾ.

ಈ ಅಭ್ಯಾಸವನ್ನು ನಾವು ಮನೆಯಲ್ಲಿ ಶುರು ಮಾಡಬಹುದು. ಸ್ಕೂಟರ್ ತೆಗೆಯುವ ಮೊದಲು ಟಯರು, ಬ್ರೇಕು, ಪೆಟ್ರೋಲ್, ಲೈಟು ದಿನಾ ಒಂದೇ ಕ್ರಮದಲ್ಲಿ ನೋಡಿ. ಒಂದು ತಿಂಗಳು ಬಿಡದೆ ಮಾಡಲು ಆಗುತ್ತದಾ ನೋಡಿ.

ಈಗ ಒಂದು ಕಷ್ಟದ ವಿಷಯ. ಈ ಊರಲ್ಲಿ ನಿಂತು ವಿಮಾನದ ಬಗ್ಗೆ ಮಾತಾಡುವವರು ಇದನ್ನು ಬಿಟ್ಟು ಹೋಗಬಾರದು.

2010ರ ಮೇ 22ರ ಬೆಳಿಗ್ಗೆ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಮಂಗಳೂರಿನಲ್ಲಿ ರನ್‌ವೇ ದಾಟಿ ಕಣಿವೆಗೆ ಬಿತ್ತು. 158 ಜನ ತೀರಿಕೊಂಡರು. ಎಂಟು ಜನ ಉಳಿದರು. ತೀರಿಕೊಂಡವರಲ್ಲಿ ನಮ್ಮ ಜಿಲ್ಲೆಯವರು ಬಹಳ ಮಂದಿ. ಇಲ್ಲಿರುವ ಯಾರ ಮನೆಗೂ ಆ ದಿನ ದೂರದ್ದಲ್ಲ.

ಆ ಬಗ್ಗೆ ನಡೆದ ವಿಚಾರಣೆಯ ವರದಿ ಎಲ್ಲರಿಗೂ ಓದಲು ಸಿಗುತ್ತದೆ. ನಾನು ಓದಿದ್ದೇನೆ. ಓದಲು ಕಷ್ಟವಾಯಿತು, ಆದರೆ ಪೈಲಟ್ ಆಗಬೇಕೆನ್ನುವವರು ಓದಲೇಬೇಕು ಎಂದು ನನಗೆ ಅನ್ನಿಸುತ್ತದೆ. ವಿಮಾನ ಇಳಿಯಲು ಬರುವಾಗ ಇರಬೇಕಾದ ಎತ್ತರಕ್ಕಿಂತ ಬಹಳ ಮೇಲಿತ್ತು. ಕ್ಯಾಪ್ಟನ್ ದಾರಿಯಲ್ಲಿ ಒಂದೂವರೆ ಗಂಟೆಗಿಂತ ಹೆಚ್ಚು ನಿದ್ದೆ ಮಾಡಿದ್ದರು, ಎದ್ದ ಮೇಲೂ ಆ ಮಂಪರು ತೀರ್ಮಾನದ ಮೇಲೆ ಪರಿಣಾಮ ಮಾಡಿರಬಹುದು ಎಂದು ವರದಿ ಹೇಳುತ್ತದೆ. ಪಕ್ಕದಲ್ಲಿದ್ದ ಫಸ್ಟ್ ಆಫೀಸರ್ "ಗೋ ಅರೌಂಡ್" ಎಂದು ಮೂರು ಸಲ ಹೇಳಿದರು. ಅಂದರೆ, ಇಳಿಯುವುದು ಬೇಡ, ಮತ್ತೆ ಮೇಲೇರಿ ಒಂದು ಸುತ್ತು ಹೊಡೆದು ಬರೋಣ ಎಂದು. ಆ ಮಾತು ನಡೆಯಲಿಲ್ಲ. ರನ್‌ವೇ ಉದ್ದ ಸುಮಾರು 8000 ಅಡಿ. ಚಕ್ರ ನೆಲ ಮುಟ್ಟಿದ್ದು ಸುಮಾರು 5200 ಅಡಿ ದಾಟಿದ ಮೇಲೆ.

ಗುಡ್ಡದ ತಲೆಯ ರನ್‌ವೇ, ಸುತ್ತ ಕಣಿವೆ, ಅದೆಲ್ಲ ನಿಜ. 2020ರ ಆಗಸ್ಟ್ 7ರಂದು ಕೋಝಿಕ್ಕೋಡಿನ ಕರಿಪ್ಪೂರು ನಿಲ್ದಾಣದಲ್ಲಿ, ಜೋರು ಮಳೆಯಲ್ಲಿ, ಅಂಥದ್ದೇ ಇನ್ನೊಂದು ರನ್‌ವೇಯಲ್ಲಿ 21 ಜನ ಹೋದರು. ಆದರೆ ಮಂಗಳೂರಿನ ವರದಿ ಓದಿದ ಮೇಲೆ ನನ್ನ ತಲೆಯಲ್ಲಿ ಉಳಿದದ್ದು ಆ ಮೂರು ಕರೆಗಳು. ವಿಮಾನ ನಡೆಸುವವನ ನಿಜವಾದ ವಿದ್ಯೆ, ಮುಟ್ಟುವಷ್ಟು ಹತ್ತಿರ ಬಂದಾಗಲೂ ಬೇಡ ಎಂದು ಬಿಟ್ಟು ಮೇಲೇರುವುದು. ಪಕ್ಕದಲ್ಲಿ ಕೂತವರ ವಿದ್ಯೆ, ದೊಡ್ಡವರ ಎದುರು ಗಟ್ಟಿಯಾಗಿ ಹೇಳುವುದು, ಮತ್ತೆ ಹೇಳುವುದು. ಈಗ ಪೈಲಟ್‌ಗಳಿಗೆ ಇದಕ್ಕೆಂದೇ ತರಬೇತಿ ಇದೆ. ಆದರೆ ಹದಿನೆಂಟು ವರ್ಷ ಮನೆಯಲ್ಲಿ, ಶಾಲೆಯಲ್ಲಿ ಎದುರು ಮಾತಾಡಬೇಡ ಎಂದು ಬೆಳೆದ ಹುಡುಗಿಗೆ ಅದು ಕೆಲವು ದಿನದ ತರಬೇತಿಯಲ್ಲಿ ಬರುತ್ತದಾ? ಹೆತ್ತವರಲ್ಲಿ ನನ್ನದೊಂದು ಕೇಳಿಕೆ. ಮಕ್ಕಳು "ಅಪ್ಪಾ, ಇದು ಸರಿಯಿಲ್ಲ" ಎಂದು ಕಾರಣ ಕೊಟ್ಟು ಹೇಳಿದರೆ ಕೇಳಿಸಿಕೊಳ್ಳಿ. ಆ ಅಭ್ಯಾಸ ಮುಂದೆ ನೂರಾರು ಜನರ ಜೀವಕ್ಕೆ ಬೇಕಾಗಬಹುದು.

ಇಂಗ್ಲಿಷಿನ ಬಗ್ಗೆ. ನಾನು ಹತ್ತನೇ ತನಕ ಕನ್ನಡ ಮೀಡಿಯಂ. ರೇಡಿಯೊ ಇಂಗ್ಲಿಷ್ ಅಂದರೆ ಭಾಷಣದ ಇಂಗ್ಲಿಷ್ ಅಲ್ಲ. ಕೆಲವೇ ಮಾತು, ಒಂದೇ ಜೋಡಣೆ. ಟವರಿನವರು "ಹೋಲ್ಡ್ ಶಾರ್ಟ್ ಆಫ್ ರನ್‌ವೇ ಟೂ ಫೋರ್" (24ನೇ ರನ್‌ವೇಗೆ ಹೋಗದೆ ಮೊದಲೇ ನಿಲ್ಲಿ) ಅಂದರೆ ನೀವು "ಹೋಲ್ಡಿಂಗ್ ಶಾರ್ಟ್ ಆಫ್ ರನ್‌ವೇ ಟೂ ಫೋರ್" ಎಂದು ತಿರುಗಿ ಹೇಳಬೇಕು. ಬರೀ "ಓಕೆ" ಅಂದರೆ ಆಗುವುದಿಲ್ಲ. ಒಂಬತ್ತಕ್ಕೆ "ನೈನರ್". ಅಕ್ಷರಗಳಿಗೆ ಆಲ್ಫಾ, ಬ್ರಾವೊ, ಚಾರ್ಲಿ. ಇಷ್ಟು ಕಟ್ಟುನಿಟ್ಟು ಯಾಕೆ ಎಂದರೆ, 1977ರ ಮಾರ್ಚ್ 27ರಂದು ಟೆನೆರೀಫ್ ಎಂಬಲ್ಲಿ ಮಂಜಿನ ನಡುವೆ ಎರಡು ಜಂಬೋ ವಿಮಾನಗಳು ರನ್‌ವೇಯಲ್ಲೇ ಡಿಕ್ಕಿಯಾದವು. 583 ಜನ ಸತ್ತರು. ಹೊರಡಲು ಅನುಮತಿ ಸಿಕ್ಕಿದೆ ಎಂದು ಒಬ್ಬ ಕ್ಯಾಪ್ಟನ್ ತಿಳಿದಿದ್ದರು, ಸಿಕ್ಕಿರಲಿಲ್ಲ. ಆಮೇಲೆ "ಟೇಕಾಫ್" ಎನ್ನುವುದನ್ನು ನಿಜವಾಗಿ ಅನುಮತಿ ಕೊಡುವಾಗ, ಅದನ್ನು ತಿರುಗಿ ಹೇಳುವಾಗ ಮತ್ತು ರದ್ದು ಮಾಡುವಾಗ ಮಾತ್ರ ಬಳಸುವ ಪದ್ಧತಿ ಬಂತು. ಈ ಮಾತುಗಳನ್ನು ಪಾತ್ರೆ ತೊಳೆಯುತ್ತಾ, ಬಸ್ಸಿಗೆ ಕಾಯುತ್ತಾ ಬಾಯಿಗೆ ಬರಿಸಬಹುದು. ನಾನು ಈಗಲೂ ಕಂಡ ಗಾಡಿಗಳ ನಂಬರನ್ನೆಲ್ಲ ಹಾಗೇ ಓದುತ್ತೇನೆ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ, ನೆರೆಮನೆಯವರಲ್ಲಿ ತುಳು ಮಾತಾಡುವ ನಮಗೆ ಇನ್ನೊಂದು ಸಣ್ಣ ಭಾಷೆ ಎಷ್ಟರ ಕಷ್ಟ?

ದುಡ್ಡಿನ ವಿಷಯ ಬಚ್ಚಿಡುವುದಿಲ್ಲ. ಕಮರ್ಷಿಯಲ್ ಲೈಸೆನ್ಸ್ ತನಕ ಇವತ್ತಿನ ಲೆಕ್ಕದಲ್ಲಿ ಅರ್ಧ ಕೋಟಿಯ ಆಸುಪಾಸು. ಆಮೇಲೆ ದೊಡ್ಡ ವಿಮಾನ ನಡೆಸಲು ಟೈಪ್ ರೇಟಿಂಗ್, ಅದಕ್ಕೆ ಬೇರೆ ಲಕ್ಷಗಳು. ಲೈಸೆನ್ಸ್ ಸಿಕ್ಕಿದ ಮಾರನೇ ದಿನ ಕೆಲಸ ಸಿಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಪರಿಶಿಷ್ಟ ಜಾತಿ, ಪಂಗಡದ ಮಕ್ಕಳಿಗೆ ಕೇರಳ ಸರಕಾರ ಪೈಲಟ್ ತರಬೇತಿಗೆ ನೆರವು ಕೊಟ್ಟಿದೆ, ಇಲಾಖೆಯ ಕಚೇರಿಯಲ್ಲಿ ಹೋಗಿ ಕೇಳಿ. ಕಾಲೇಜಿಗೆ ಹೋಗುವವರು ಎನ್‌ಸಿಸಿ ವಾಯುವಿಭಾಗ ಇರುವ ಕಾಲೇಜು ನೋಡಿ, ಅಲ್ಲಿ ಕೆಡೆಟ್‌ಗಳಿಗೆ ಮೈಕ್ರೋಲೈಟ್ ವಿಮಾನದಲ್ಲಿ ಹಾರುವ ಅವಕಾಶ ಇದೆ. ನನ್ನ ವಿಷಯ ಹೇಳುವುದಾದರೆ, ಡಿಗ್ರಿ ಮುಗಿಸಿ ಕೆಲಸ ಮಾಡಿ ಒಂದು ಪಾಲು ಕೂಡಿಟ್ಟೆ, ಉಳಿದದ್ದಕ್ಕೆ ಅಣ್ಣ ಜೊತೆಗೆ ನಿಂತಿದ್ದಾನೆ. ಇಡೀ ತೋಟ ಮಾರಿ ಹೊರಡಿ ಎಂದು ನಾನು ಯಾರಿಗೂ ಹೇಳುವುದಿಲ್ಲ.

ಆಮೇಲೆ ಪ್ರಶ್ನೆಗಳು ಬಂದವು. ಮೂರನ್ನು ಬರೆಯುತ್ತೇನೆ.

ಒಬ್ಬರು ಅಮ್ಮ ಕೇಳಿದರು: "ಚಿಕ್ಕ ವಿಮಾನಕ್ಕೆ ಒಂದೇ ಎಂಜಿನ್ ಅಂತೆ. ಅದು ಮೇಲೆ ನಿಂತರೆ ಮಗು ಎಂತ ಮಾಡುವುದು?"

ಎಂಜಿನ್ ನಿಂತರೆ ವಿಮಾನ ಕಲ್ಲಿನ ಹಾಗೆ ಬೀಳುವುದಿಲ್ಲ ಅಕ್ಕಾ. ಎತ್ತಿ ಹಿಡಿಯುವುದು ರೆಕ್ಕೆ, ಎಂಜಿನ್ ಮುಂದಕ್ಕೆ ಎಳೆಯುತ್ತದೆ ಅಷ್ಟೇ. ಮೂತಿಯನ್ನು ಸ್ವಲ್ಪ ಇಳಿಸಿ ಸರಿಯಾದ ವೇಗ ಹಿಡಿದರೆ ಅದು ಜಾರುತ್ತಾ ಹೋಗುತ್ತದೆ. ಸೆಸ್ನಾ 172 ಒಂದು ಅಡಿ ಇಳಿಯುವಷ್ಟರಲ್ಲಿ ಸುಮಾರು ಒಂಬತ್ತು ಅಡಿ ಮುಂದೆ ಹೋಗುತ್ತದೆ. 3000 ಅಡಿ ಎತ್ತರದಲ್ಲಿ ಇದ್ದರೆ ಎಂಟು ಕಿಲೋಮೀಟರ್, ಹತ್ತಿರ ಹತ್ತಿರ ನಾಲ್ಕು ನಿಮಿಷ. ಅಷ್ಟರಲ್ಲಿ ಇಳಿಯುವ ಜಾಗ ಆರಿಸಬೇಕು. ಒಬ್ಬರೇ ಹಾರಲು ಬಿಡುವ ಮೊದಲು ಇದನ್ನು ಮತ್ತೆ ಮತ್ತೆ ಮಾಡಿಸುತ್ತಾರೆ. ಅಪಾಯ ಇಲ್ಲವೇ ಇಲ್ಲ ಎಂದು ನಾನು ಹೇಳುವುದಿಲ್ಲ. ನಿಜವಾಗಿ ಹೆದರಬೇಕಾದದ್ದು ನಿಧಾನಕ್ಕೆ ಹೋಗುತ್ತಾ ಮೂತಿಯನ್ನು ಜಾಸ್ತಿ ಎತ್ತುವುದಕ್ಕೆ. ಆಗ ರೆಕ್ಕೆಯ ಮೇಲಿನ ಗಾಳಿಯ ಹರಿವು ಕಡಿದು ಎತ್ತುವ ಶಕ್ತಿ ಹೋಗುತ್ತದೆ, ಎಂಜಿನ್ ಚೆನ್ನಾಗಿ ಓಡುತ್ತಿದ್ದರೂ. ಅದನ್ನು ಗುರುತಿಸಿ ಬಿಡಿಸಿಕೊಳ್ಳುವುದನ್ನೂ ಮೊದಲೇ ಕಲಿಸುತ್ತಾರೆ.

ಒಬ್ಬಳು ಹುಡುಗಿ ಕೇಳಿದಳು: "ಹುಡುಗಿಯರನ್ನು ಬೇರೆ ರೀತಿ ನೋಡುತ್ತಾರಾ ಅಕ್ಕಾ?"

ವಿಮಾನ ಹಾರಿಸಿದ ಮೊದಲ ಭಾರತೀಯ ಹೆಂಗಸರಲ್ಲಿ ಒಬ್ಬರಾದ ಸರಳಾ ಠಕ್ರಾಲ್ ಲೈಸೆನ್ಸ್ ಪಡೆದದ್ದು 1936ರಲ್ಲಿ, ಅವರಿಗೆ ಆಗ 21 ವರ್ಷ. ಪೈಲಟ್‌ಗಳಲ್ಲಿ ಹೆಂಗಸರ ಪಾಲು ನಮ್ಮ ದೇಶದಲ್ಲಿ ಜಗತ್ತಿನ ಸರಾಸರಿಗಿಂತ ಎಷ್ಟೋ ಜಾಸ್ತಿ. ನನ್ನನ್ನು ಬೇರೆ ರೀತಿ ನೋಡಿದ್ದು ಊರಿನ ಮದುವೆ ಮನೆಗಳಲ್ಲಿ, ವಿಮಾನದ ಹತ್ತಿರ ಅಲ್ಲ. ನೀನು ಮೊದಲು ಕಣ್ಣಿನ ಪರೀಕ್ಷೆ ಮಾಡಿಸು, ಗಣಿತ ಬಿಡಬೇಡ.

ಕೊನೆಗೆ ಒಬ್ಬರು ಅಪ್ಪ: "ಶಾಲೆ ಆರಿಸುವಾಗ ಎಂತ ನೋಡಬೇಕು?"

ಬಹಳ ಒಳ್ಳೆಯ ಪ್ರಶ್ನೆ. ಪೂರ್ತಿ ಫೀಸು ಒಂದೇ ಕಂತಿನಲ್ಲಿ ಕೇಳಿದರೆ ಕೊಡಬೇಡಿ. ನನಗೆ ಗೊತ್ತಿರುವ ಒಬ್ಬರು ಹಾಗೆ ಕಟ್ಟಿ, ವಿಮಾನ ರಿಪೇರಿಯಲ್ಲಿದೆ ಎಂದು ತಿಂಗಳುಗಟ್ಟಲೆ ಹಾಸ್ಟೆಲಿನಲ್ಲಿ ಕೂತರು. 200 ಗಂಟೆಯನ್ನು ತಿಂಗಳಿಗೆ 20 ಗಂಟೆಯಂತೆ ಹಾರಿದರೆ ಹತ್ತು ತಿಂಗಳು. ತಿಂಗಳಿಗೆ 8 ಗಂಟೆಯೇ ಸಿಕ್ಕಿದರೆ ಎರಡು ವರ್ಷ ದಾಟುತ್ತದೆ, ಊಟ, ಬಾಡಿಗೆ ಎಲ್ಲ ಅದರ ಮೇಲೆ. ಹಾಗಾಗಿ ಎಷ್ಟು ವಿಮಾನ ಇದೆ ಎಂದು ಕೇಳಬೇಡಿ, ಇವತ್ತು ಹಾರುತ್ತಿರುವುದು ಎಷ್ಟು ಎಂದು ಕೇಳಿ. ಇನ್‌ಸ್ಟ್ರಕ್ಟರ್ ಎಷ್ಟು ಮಂದಿ, ವಿದ್ಯಾರ್ಥಿಗಳು ಎಷ್ಟು ಮಂದಿ, ಮಳೆಗಾಲದಲ್ಲಿ ಎಷ್ಟು ದಿನ ಹಾರಾಟ ನಿಲ್ಲುತ್ತದೆ, ನಡುವೆ ಬಿಟ್ಟರೆ ದುಡ್ಡು ಎಷ್ಟು ವಾಪಸು ಬರುತ್ತದೆ, ಇದನ್ನು ಬರವಣಿಗೆಯಲ್ಲಿ ಕೊಡುತ್ತಾರಾ ಎಂದು ಕೇಳಿ. ಊರು ಎಷ್ಟು ಎತ್ತರದಲ್ಲಿದೆ ಎಂದೂ ನೋಡಿ. ಬೆಂಗಳೂರಿನ ಜಕ್ಕೂರು ಸುಮಾರು 3000 ಅಡಿ ಎತ್ತರದಲ್ಲಿದೆ, ಅಲ್ಲಿ ಗಾಳಿ ತೆಳು, ವಿಮಾನ ಏಳಲು ಕಡಲ ತೀರಕ್ಕಿಂತ ಉದ್ದ ಓಟ ಬೇಕು. ಅಂಥ ಕಡೆ ಕಲಿತರೆ ಅದೂ ಒಂದು ಪಾಠವೇ. ಆಮೇಲೆ ಆಫೀಸಿನಿಂದ ಹೊರಗೆ ಬಂದು ಅಲ್ಲಿ ಕಲಿಯುತ್ತಿರುವ ಮಕ್ಕಳ ಹತ್ತಿರ ಮಾತಾಡಿ. ಒಪ್ಪಿದರೆ ಹಾರಿದ ಗಂಟೆ ಬರೆದಿಡುವ ಅವರ ಲಾಗ್‌ಬುಕ್ ತೋರಿಸಲು ಹೇಳಿ, ಕಳೆದ ಮೂರು ತಿಂಗಳ ಪುಟ ಸಾಕು.